ಪಟ್ಟಿ ಬಿಚ್ಚದ ಕ್ಯಾಸೆಟ್ಟು

ಮದುವೆಮನೆಗಳಲ್ಲಿ ಅಳುವವರನ್ನು ವಿಡಿಯೋ ತೆಗೆದು ನನಗೆ ಒಳ್ಳೆಯ ಅಭ್ಯಾಸವಿತ್ತು. ಧಾರೆ ಎರೆಯುವ ಹೊತ್ತಿಗೆ ಹುಡುಗಿಯ ತಾಯಿಯ ಕಣ್ಣಂಚಿಗೆ ಝೂಮ್ ಮಾಡುವುದರಲ್ಲಿ ಉಡುಪಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೇಳುತ್ತಿದ್ದರು. ಹೇಳುತ್ತಿದ್ದವನು ಹೆಚ್ಚಾಗಿ ನಾನೇ. ಆದರೆ ನಾನು ತೆಗೆದದ್ದನ್ನು ನೋಡಿದವರು ಹೆದರಿ ಅತ್ತದ್ದು ಕೆಮ್ಮಣ್ಣು ಎಂಬ ಊರಿನ ಬಾಲವಾಡಿಯಲ್ಲೇ ಮೊದಲು. ಹದಿನಾಲ್ಕು ಮಕ್ಕಳಲ್ಲಿ ಒಂಬತ್ತು ಅತ್ತವು. ಉಳಿದ ಐದರಲ್ಲಿ ಒಂದು ಎದ್ದು ಟಿ.ವಿ.ಯ ಹಿಂದೆ ಹೋಗಿ, ವಯರುಗಳ ನಡುವೆ ಬಗ್ಗಿ ಏನನ್ನೋ ಹುಡುಕತೊಡಗಿತು.

ಎಂತ ಹುಡುಕುವುದು ಎಂದು ಟೀಚರು ತುಳುವಿನಲ್ಲಿ ಕೇಳಿದರು.

"ಬೊಂಬೆಯ ಕಣ್ಣು" ಎಂದಿತು ಮಗು.

ಎಂಬತ್ತರ ದಶಕದ ನಡುವಿನ ಮಾತು. ನನಗೆ ನಲವತ್ತು ದಾಟಿತ್ತು. ದುಬೈಯಿಂದ ಭಾವ ತಂದುಕೊಟ್ಟ ವಿಡಿಯೋ ಕ್ಯಾಮೆರಾ, ಹೆಗಲಿಗೆ ನೇತುಹಾಕುವ ರೆಕಾರ್ಡರು, ಒಬ್ಬ ಪಾಲುದಾರ, ಇಷ್ಟನ್ನು ಇಟ್ಟುಕೊಂಡು ಉಡುಪಿಯಲ್ಲಿ ಸ್ಟುಡಿಯೋ ನಡೆಸುತ್ತಿದ್ದೆ. ಮನೆ ಹಿರಿಯಡ್ಕದಲ್ಲಿ. ಬಸ್ಸಿನಲ್ಲಿ ಓಡಾಡುವಾಗಲೆಲ್ಲ ಕ್ಯಾಸೆಟ್ಟಿಗೆ ಬಿಸಿಲು ತಾಗಿತೇ, ಸ್ಟುಡಿಯೋದ ಮೈನ್ ಸ್ವಿಚ್ ಆರಿಸಿದೆನೇ ಎಂದು ಲೆಕ್ಕ ಹಾಕುವುದು ನನ್ನ ಹವ್ಯಾಸ. ಚಿಂತೆಗೆ ಏನೂ ಸಿಗದ ದಿನ, ಏನೋ ಮರೆತುಹೋಗಿದೆ ಎಂಬ ಚಿಂತೆ.

ಮಣಿಪಾಲಕ್ಕೆ ಹತ್ತುವ ರಸ್ತೆಯ ಬದಿಯಲ್ಲಿ ಆಗ ಒಂದು ಸಣ್ಣ ಕಣ್ಣಿನ ಆಸ್ಪತ್ರೆಯಿತ್ತು, ಈಗ ಇಲ್ಲ. ಅಲ್ಲಿನ ಡಾಕ್ಟರಮ್ಮ ಸಂಬಂಧಿಕರ ಮದುವೆಯ ಕ್ಯಾಸೆಟ್ಟು ನೋಡಿ ನನ್ನನ್ನು ಕರೆಸಿದ್ದರು. ಅವರದು ಮುಖ ನೋಡದೆ ಮಾತನಾಡುವ ಅಭ್ಯಾಸ. ಕಣ್ಣು ಮಾತ್ರ ನೋಡುತ್ತಾರೆ.

"ಮೂರು ನಾಲ್ಕು ವರ್ಷದ ಮಕ್ಕಳಿಗೆ ಪೊರೆಯ ಆಪರೇಷನ್ ಆದ ಮೇಲೆ ಎರಡು ದಿನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಬೇಕಾಗ್ತದೆ. ಎಚ್ಚರ ಆಗುವಾಗ ಎಲ್ಲ ಕತ್ತಲೆ. ಹೆದರಿ ಕೂಗ್ತವೆ, ಪಟ್ಟಿ ಎಳೀತವೆ. ಅದಕ್ಕೆ ಕೈ ಮಂಚಕ್ಕೆ ಕಟ್ಟುದು. ಕೈ ಕಟ್ಟಿದ ಮೇಲೆ ಕೂಗುದು ಇನ್ನೂ ಜೋರು."

"ಕೂಗಿದರೆ ಕೂಗಲಿ ಅಲ್ವಾ ಮೇಡಂ? ಮಕ್ಕಳು."

"ಜೋರಾಗಿ ಕೂಗಿದರೂ ಹೊಲಿಗೆಗೆ ಒತ್ತಡ ಬೀಳ್ತದೆ. ಉಜ್ಜಿದರಂತೂ ಮುಗೀತು. ಹೋದ ವರ್ಷ ಒಂದು ಮಗು ಬೆಳಿಗ್ಗೆ ಕಟ್ಟು ಬಿಡಿಸಿಕೊಂಡು ಪಟ್ಟಿ ಕಿತ್ತಿತು. ಆ ಕಣ್ಣು ಹೋಯ್ತು." ಅಷ್ಟು ಹೇಳಿ ಅವರು ಮೇಜಿನ ಮೇಲಿನ ಟಾರ್ಚನ್ನು ಸುಮ್ಮನೆ ಹೊತ್ತಿಸಿ ಆರಿಸಿದರು. "ಕಟ್ಟುವ ಮೊದಲೇ ಮಕ್ಕಳಿಗೆ ಇದೆಲ್ಲ ಟಿ.ವಿ.ಯಲ್ಲಿ ತೋರಿಸಿದರೆ ಹೇಗೆ? ಹೆದರಿಕೆ ಆಗದ ಹಾಗೆ. ನಿಧಾನಕ್ಕೆ."

ಕಣ್ಣಿನ ರೋಗಿಗಳಿಗೆ ಟಿ.ವಿ. ತೋರಿಸುವುದೇ ಎಂದು ನನಗೆ ನಗು ಬಂತು. ಒಂದು ಕಣ್ಣು ಸರಿಯಿರುವ ಮಕ್ಕಳಿಗೆ ಮಾತ್ರ ಎಂದು ಅವರು ವಿವರಿಸಿದ ಮೇಲೆ ನಗು ಹೋಗಿ, ಚಿಂತೆ ತನ್ನ ಜಾಗಕ್ಕೆ ಬಂದು ಕುಳಿತಿತು.

ಅವರು ಹೇಳಿದ 'ನಿಧಾನಕ್ಕೆ' ಎಂಬ ಮಾತನ್ನು ನಾನು ಕೇಳಿಸಿಕೊಂಡಿರಲಿಲ್ಲ. ಆಸ್ಪತ್ರೆಯ ಸಿಸ್ಟರ್, ಕಾರ್ಕಳದ ಕಡೆಯವರು, ಹಳೆಯ ದಿಂಬಿನ ಬಟ್ಟೆಯಲ್ಲಿ ದೊಡ್ಡ ಗುಂಡಿ ಕಣ್ಣುಗಳ ಬೊಂಬೆ ಹೊಲಿದುಕೊಟ್ಟರು. ನಾನು ಅದನ್ನು ಮಂಚದ ಮೇಲೆ ಕೂರಿಸಿ ಮದುವೆಯ ಹಾಗೆಯೇ ತೆಗೆದೆ. ಎರಡು ವಿ.ಸಿ.ಆರ್.ಗಳನ್ನು ಜೋಡಿಸಿ, ಪಾಝ್ ಗುಂಡಿ ಒತ್ತಿ ಒತ್ತಿ ಎಡಿಟ್ ಮಾಡಿದೆ. ಹಿಂದೆ ಕೊಳಲು. ಅದರ ಮೇಲೆ ನನ್ನದೇ ಸ್ವರ: "ಮುದ್ದು ಪುಟಾಣಿಗಳೇ, ಭಯಪಡದಿರಿ." ನಗುವ ಬೊಂಬೆ, ಕಟ್, ಪಟ್ಟಿ ಕಟ್ಟಿದ ಬೊಂಬೆ. ಆ ಕಟ್ ಎಷ್ಟು ಚೊಕ್ಕವಾಗಿತ್ತೆಂದರೆ, ಪರದೆಯಲ್ಲಿ ಒಂದು ಗೆರೆಯೂ ಕುಣಿಯಲಿಲ್ಲ. ನಾನು ಅದನ್ನು ಆರು ಸಲ ಹಿಂದಕ್ಕೆ ತಿರುಗಿಸಿ ನೋಡಿ ಸುಖಪಟ್ಟೆ.

ಆರೋಗ್ಯವಾಗಿರುವ ಮಕ್ಕಳಿಗೆ ಮೊದಲು ತೋರಿಸಿ ನೋಡುವ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಕ್ಯಾಸೆಟ್ಟು ಕೆಮ್ಮಣ್ಣಿಗೆ ಹೋಯಿತು. ಅಲ್ಲಿ ಆದದ್ದನ್ನು ಹೇಳಿದೆನಲ್ಲ.

ಮರುದಿನ ಆಸ್ಪತ್ರೆಯಲ್ಲಿ ಸಿಸ್ಟರ್ ನನ್ನನ್ನು ಬಿಡಲಿಲ್ಲ.

"ನಿನ್ನೆ ಒಂಬತ್ತು ಮಕ್ಕಳನ್ನು ಕೂಗಿಸಿದ್ರಂತೆ?"

"ಕಥೆ ಅರ್ಥ ಆಗಲಿಲ್ಲ ಅವಕ್ಕೆ."

"ಎಂತ ಕಥೆ ಮಾರಾಯ್ರೇ? ಒಂದು ಕ್ಷಣ ಕಣ್ಣುಂಟು, ಮರುಕ್ಷಣ ಕಣ್ಣಿಲ್ಲ. ನಂಗೇ ಎದೆ ಝಲ್ ಅಂತು. ಮತ್ತೆ ನಿಮ್ಮ ಆ ಭಾಷೆ! ನನ್ನ ಅಕ್ಕನ ಮಗ ಮನೇಲಿ ಕೊಂಕಣಿ ಮಾತಾಡುದು. ಕೆಮ್ಮಣ್ಣಿನ ಮಕ್ಕಳು ತುಳು. 'ಭಯಪಡದಿರಿ' ಅಂದ್ರೆ ಅವಕ್ಕೆ ಯಾರೋ ಬೈದ ಹಾಗೆ."

ಅವಮಾನವಾಯಿತು. ಈ ಕಡೆಯ ನಮಗೆಲ್ಲ ಇದೊಂದು ರೋಗ: ಮೈಕು ಕಂಡ ಕೂಡಲೇ ಮನೆಯ ಭಾಷೆ ಚಪ್ಪಲಿಯ ಹಾಗೆ ಹೊರಗೆ ಉಳಿದು, ಶಾಲೆಯ ಕನ್ನಡ ಇಸ್ತ್ರಿ ಹಾಕಿಕೊಂಡು ಬಂದು ನಿಲ್ಲುತ್ತದೆ. ಆದರೆ ಅವಮಾನಕ್ಕೆ ಸಮಯವಿರಲಿಲ್ಲ. ಮುಂದಿನ ಗುರುವಾರ ಕಾಪುವಿನ ಒಂದು ಹುಡುಗಿಗೆ ಆಪರೇಷನ್ ಇತ್ತು. ನಾಲ್ಕು ವರ್ಷ. ಆಡುವಾಗ ಗುಡಿಸುವ ಹಿಡಿಸೂಡಿಯ ಕಡ್ಡಿ ಎಡಗಣ್ಣಿಗೆ ಚುಚ್ಚಿ ಪೊರೆ ಬಂದಿತ್ತು. ಪರೀಕ್ಷೆಗೆ ತಂದ ದಿನ ಮಗು ಟಾರ್ಚು ಕಂಡೊಡನೆ ಡಾಕ್ಟರಮ್ಮನ ಕೈ ಕಚ್ಚಿತ್ತು. ಇದರ ಕೈಯನ್ನು ಮಂಚಕ್ಕೆ ಕಟ್ಟಿದರೆ ಏನಾದೀತು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಕಚ್ಚಿದ ಜಾಗವನ್ನು ತೋರಿಸಿದರು, ಅಷ್ಟೆ.

ಆ ಬಾಲವಾಡಿಯ ಮಗು ಟಿ.ವಿ.ಯ ಹಿಂದೆ ಹುಡುಕಿದ್ದು ನನ್ನ ತಲೆಯಿಂದ ಹೋಗಿರಲಿಲ್ಲ. ದೊಡ್ಡವರಿಗೆ ಕಟ್ ಎಂದರೆ ನಡುವೆ ಏನೋ ನಡೆದಿದೆ ಎಂದು ಗೊತ್ತು. ಆ ಮಗುವಿಗೆ ನಡುವೆ ಏನೂ ನಡೆದಿಲ್ಲ; ಕಣ್ಣು ಎಲ್ಲಿಗೋ ಹೋಗಿದೆ. ಹಾಗಾದರೆ ಕಟ್ ಇಲ್ಲದೆ ತೆಗೆಯಬೇಕು. ಪಟ್ಟಿ ಸುತ್ತಲು ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು. ಕೊಳಲಿಲ್ಲ, ಮಾತಿಲ್ಲ. ಪಕ್ಕದಲ್ಲಿ ಕುಳಿತ ತಾಯಿ ತನ್ನ ಭಾಷೆಯಲ್ಲಿ ಹೇಳಲಿ.

"ಬೊಂಬೆ ಬೇಡ" ಎಂದರು ಡಾಕ್ಟರಮ್ಮ. "ಮನುಷ್ಯ ಬೇಕು."

"ಯಾರು ಮೇಡಂ?"

ಇಬ್ಬರೂ ನನ್ನನ್ನೇ ನೋಡಿದರು. ಡಾಕ್ಟರಮ್ಮ ಆ ದಿನ ಮೊದಲ ಬಾರಿಗೆ ನನ್ನ ಇಡೀ ಮುಖ ನೋಡಿದರೆಂದು ಕಾಣುತ್ತದೆ.

ಸೋಮವಾರ ಮಧ್ಯಾಹ್ನ ವಾರ್ಡಿನ ಪಕ್ಕದ ಕೋಣೆಯಲ್ಲಿ ಚಿತ್ರೀಕರಣ. ಮದುವೆಯ ಸಾವಿರ ವಾಟಿನ ದೀಪ ಬೇಡವೆಂದು ಕಿಟಕಿಯ ಬೆಳಕಿಗೆ ಸ್ಟೂಲು ಎಳೆದೆವು. ಇದ್ದ ಒಂದೇ ಪ್ಲಗ್ಗಿನಲ್ಲಿ ಸೂಜಿ ಕುದಿಸುವ ಪೆಟ್ಟಿಗೆ ಇದ್ದುದರಿಂದ ಬ್ಯಾಟರಿಯಲ್ಲೇ ನಡೆಸಬೇಕಾಯಿತು. ಪೂರ್ತಿ ಚಾರ್ಜಾಗಿದ್ದರೆ ಇಪ್ಪತ್ತು ನಿಮಿಷ ಓಡುತ್ತದೆ. ಕ್ಯಾಮೆರಾವನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಇಳಿಸಿ ಸ್ಟ್ಯಾಂಡಿಗೆ ಬಿಗಿದೆ, ಫೋಕಸ್ ಹೊಂದಿಸಿದೆ, ಗುಂಡಿ ಒತ್ತಿ ಓಡಿ ಬಂದು ಕುಳಿತೆ. ಸಿಸ್ಟರ್ ಪಟ್ಟಿ ಸುತ್ತತೊಡಗಿದರು.

ಎರಡು ಸುತ್ತು ಆಗುವಾಗ ಬೆಳಕು ಕಂದು ಬಣ್ಣವಾಯಿತು. ನಾಲ್ಕನೆಯದಕ್ಕೆ ಏನೂ ಇಲ್ಲ. ಸಿಸ್ಟರ್ ಎಲ್ಲಿದ್ದಾರೆ ಗೊತ್ತಾಗಲಿಲ್ಲ. ಎಲ್ಲೋ ಲೋಹದ ತಟ್ಟೆ ಬಿದ್ದ ಸದ್ದು. ನನ್ನ ಉಸಿರು ನನ್ನ ಕಿವಿಗೇ ದೊಡ್ಡದಾಗಿ ಕೇಳತೊಡಗಿತು. ಆಮೇಲೆ ಏನು ಮಾಡಿದೆನೋ ನನಗೆ ತಿಳಿಯದು. ಪಟ್ಟಿ ನನ್ನ ಕೈಯಲ್ಲಿತ್ತು, ಸಿಸ್ಟರ್ ಗೋಡೆಗೆ ಒರಗಿ ನಗುತ್ತಿದ್ದರು.

"ನಾಲ್ಕು ವರ್ಷದ ಮಗು ಕೀಳಬಾರದು, ನಲವತ್ತು ವರ್ಷದವ್ರು ಕೀಳಬಹುದಾ?"

"ನೀವು ಏನೂ ಹೇಳದೆ ಹಿಂದಿನಿಂದ ಬಂದ್ರಲ್ಲ!"

ನಗು ನಿಲ್ಲಿಸಿ ಅವರು ನನ್ನನ್ನು ನೋಡಿದರು. ಆ ದಿನದ ಕೆಲಸ ಅಲ್ಲಿಂದ ಶುರುವಾಯಿತು. ಮುಟ್ಟುವ ಮೊದಲು ಪ್ರತಿ ಸಲ ನನ್ನ ಅಂಗೈಯನ್ನು ಎರಡು ಸಲ ತಟ್ಟಬೇಕು. ಪಟ್ಟಿಯ ಸುರುಳಿಯನ್ನು ಮೊದಲು ನನ್ನ ಕೈಗೆ ಕೊಟ್ಟು, ಮುಟ್ಟಿ ನೋಡಲು ಬಿಡಬೇಕು. ಕಟ್ಟಿದ ಮೇಲೆ ಅವರು ಬಾಗಿಲಾಚೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಮರಳಿ ಬಂದು ತಟ್ಟಬೇಕು. ನನ್ನ ಕೈಗೂ ಕೆಲಸ ಬೇಕು. ಬೊಂಬೆಯನ್ನು ಮಡಿಲಲ್ಲಿಟ್ಟು, ಅದರ ಅಂಗಿಯ ಗುಂಡಿ ಹಾಕುವುದು ತೆಗೆಯುವುದು.

ಎರಡನೆಯ ಸಲ ಸರಿಯಾಗಿ ಬಂತು. ಹೆದರಿದ್ದೆ, ಮುಖದಲ್ಲಿ ಅದು ಕಾಣುತ್ತಿತ್ತು. ಇರಲಿ ಎಂದರು ಡಾಕ್ಟರಮ್ಮ. ಸಿಸ್ಟರ್ ಹೊರಗೆ ಹೋದಾಗ ನನ್ನ ಬೆರಳು ಬೊಂಬೆಯ ಗುಂಡಿಯಲ್ಲಿ ನಿಂತುಬಿಟ್ಟಿತು, ಅವರು ಬಂದು ತಟ್ಟಿದ ಮೇಲೆ ಮತ್ತೆ ಚಲಿಸಿತು. ಕೊನೆಗೆ ಅವರು ಸುತ್ತು ಸುತ್ತಾಗಿ ಬಿಚ್ಚಿದರು, ನಾನು ಕಿಟಕಿಯ ಕಡೆ ನೋಡಿ ನಕ್ಕೆ. ಅಭಿನಯವೆಂದರೆ ಅಭಿನಯ.

ತಿರುಗಿಸಿ ನೋಡಿದಾಗ ಆ ನಗು ಇರಲಿಲ್ಲ. ಬಿಚ್ಚುವುದೂ ಇರಲಿಲ್ಲ. ಸಿಸ್ಟರ್ ಮರಳಿ ಬಂದು ಕೈ ತಟ್ಟುವಲ್ಲಿಗೆ ಚಿತ್ರ ನಿಂತಿತ್ತು. ಮೊದಲನೆಯ ಸಲ ನಾನು ಪಟ್ಟಿ ಕಿತ್ತ ಮೇಲೂ ಕ್ಯಾಮೆರಾ ಓಡುತ್ತಲೇ ಇದ್ದು ಅರ್ಧ ಬ್ಯಾಟರಿ ಮುಗಿದಿತ್ತು. ಉಳಿದದ್ದು ಮುಗಿಯುವಾಗ ಎಚ್ಚರಿಸುವ ಕೆಂಪು ದೀಪ ಕ್ಯಾಮೆರಾದೊಳಗೆ ಮಿನುಗಿದ್ದಿರಬೇಕು. ಅದನ್ನು ನೋಡಬೇಕಾದ ಕ್ಯಾಮೆರಾಮನ್ನಿನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು.

ಮತ್ತೆ ತೆಗೆಯಬಹುದಿತ್ತು. ಕತ್ತಲೆಗೆ ಮರಳುವ ಧೈರ್ಯ ನನಗಿರಲಿಲ್ಲ; ಹಾಗೆಂದು ಹೇಳುವ ಧೈರ್ಯವೂ ಇರಲಿಲ್ಲ. "ಮುಖ್ಯವಾದದ್ದು ಬಂದಿದೆಯಲ್ಲ ಮೇಡಂ, ಬಿಚ್ಚುವುದು ಯಾರಿಗೆ ಗೊತ್ತಿಲ್ಲ?" ಎಂದೆ. ಅವರೂ ದಣಿದಿದ್ದರು, ಒಪ್ಪಿದರು.

ಬುಧವಾರ ಬೆಳಿಗ್ಗೆ ಕಾಪುವಿನ ಹುಡುಗಿ ದಾಖಲಾದಳು. ತಂದೆ ಗಲ್ಫಿನಲ್ಲಿ. ತಾಯಿಗೆ ಇಪ್ಪತ್ತೈದಿರಬಹುದು, ಮನೆಯಲ್ಲಿ ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆ, ನನ್ನೊಡನೆ ಎಚ್ಚರಿಕೆಯ ಕನ್ನಡ. ಕ್ಯಾಸೆಟ್ಟಿನ ಮಾತೆತ್ತಿದ ಕೂಡಲೇ ಆಕೆ ನನ್ನನ್ನು ವರಾಂಡಕ್ಕೆ ಕರೆದು ಸ್ವರ ತಗ್ಗಿಸಿದರು.

"ತೋರಿಸುದು ಬೇಡ ಅಣ್ಣಾ. ಅವಳಿಗೆ ಆಪರೇಷನ್ ಅಂತ ಗೊತ್ತೇ ಇಲ್ಲ. ಅಂಗಡಿಯಿಂದ ಬೊಂಬೆ ತೆಗೀಲಿಕ್ಕೆ ಹೋಗುವ ಅಂತ ಹೇಳಿ ಕರ್ಕೊಂಡು ಬಂದದ್ದು."

ನಮ್ಮಲ್ಲಿ ಮಕ್ಕಳನ್ನು ಆಸ್ಪತ್ರೆಗೆ ತರುವುದು ಹಾಗೆಯೇ. ಯಾರೂ ಆಸ್ಪತ್ರೆಗೆ ಎಂದು ಹೇಳಿ ಹೊರಡುವುದಿಲ್ಲ. ಆನೆ ತೋರಿಸುವ, ಐಸ್‌ಕ್ರೀಮು ತಿನ್ನುವ, ಸಮುದ್ರ ನೋಡುವ ಎನ್ನುತ್ತಾರೆ. ನನ್ನ ಸೋದರಮಾವ ನನ್ನನ್ನು ಕಾರ್ಕಳಕ್ಕೆ ಗೊಮ್ಮಟನನ್ನು ನೋಡಲೆಂದೇ ಕರೆದೊಯ್ದದ್ದು. ಅದನ್ನು ಆಕೆಗೆ ಹೇಳಿದೆ.

"ನೋಡಿದ್ರಾ?" ಎಂದು ಆಕೆ ಕೇಳಿದರು.

"ನೋಡಿದೆ. ಅದಕ್ಕೆ ಮೊದಲು ಒಬ್ಬರು ಡಾಕ್ಟರ ಹತ್ತಿರ ಕೂರಿಸಿ, ಕಿವಿಯ ಹಿಂದಿನ ಕುರು ಕೊಯ್ಸಿದ್ರು. ಮಾವ ನನ್ನ ತಲೆ ಹಿಡಿದದ್ದು, ನಗ್ತಾ ನಗ್ತಾ. ಈಗಲೂ ಆ ಗೊಮ್ಮಟನನ್ನು ನೋಡಿದರೆ ನನಗೆ ಕಿವಿಯ ಹಿಂದೆ ನೋಯ್ತದೆ."

ಆಕೆಗೆ ನಗು ಬಂತು, ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಮಾವನ ಮೇಲೆ ಸಿಟ್ಟುಂಟಾ?"

"ಸಿಟ್ಟಿಲ್ಲ. ಆದರೆ ಆಮೇಲೆ ಅವರು ಎಲ್ಲಿಗೆ ಕರೆದರೂ ನಾನು ಹೋಗಲಿಲ್ಲ. ಜಾತ್ರೆಗೂ."

ಆಕೆ ಅಂಗಳದ ನಲ್ಲಿಗೆ ಹೋಗಿ ಮುಖ ತೊಳೆದು ಬಂದರು. ನಾಳೆ ಕತ್ತಲೆಯಲ್ಲಿ ಎಚ್ಚರವಾದಾಗ ಮಗು ನಂಬಬೇಕಾದದ್ದು ಈ ಒಂದು ಸ್ವರವನ್ನು. ಅದನ್ನು ಹೇಳಬೇಕೆಂದಿದ್ದೆ, ಹೇಳಬೇಕಾಗಲಿಲ್ಲ. "ಹಾಕಿ" ಎಂದರು.

ಟಿ.ವಿ.ಯಲ್ಲಿ ನಾನು ಸ್ಟೂಲಿನ ಮೇಲೆ ಕುಳಿತೆ. ತಾಯಿ ಬ್ಯಾರಿಯಲ್ಲಿ ಮೆಲ್ಲಗೆ ಹೇಳತೊಡಗಿದರು. ಮೊದಮೊದಲು ಪರದೆಯ ಮೇಲಿನ ಸಂಗತಿಯನ್ನು ಹೇಳುತ್ತಿದ್ದರು. ಪಟ್ಟಿಯ ಮೂರನೆಯ ಸುತ್ತಿಗೆ ಸ್ವರ ಬದಲಾಯಿತು. ಆ ಭಾಷೆ ನನಗೆ ಅಲ್ಪಸ್ವಲ್ಪ ಮಾತ್ರ ಬರುತ್ತದೆ. ಆದರೂ ಬೊಂಬೆ ತೆಗೆಯಲು ಬಂದದ್ದಲ್ಲ ಎಂಬುದನ್ನು ಹೇಳುತ್ತಿದ್ದಾರೆಂದು ತಿಳಿಯಿತು. ಮಗು ಟಿ.ವಿ. ಬಿಟ್ಟು ತಾಯಿಯ ಬಾಯಿಯನ್ನೇ ನೋಡಿತು. ಅಳುತ್ತದೆ ಎಂದು ನಾನು ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಅಳಲಿಲ್ಲ. ತಾಯಿಯ ಕೈಗೆ ಒಂದು ಪೆಟ್ಟು ಕೊಟ್ಟಿತು, ಮತ್ತೆ ಟಿ.ವಿ.ಯ ಕಡೆ ತಿರುಗಿತು. ಮುಗಿದಾಗ ಇನ್ನೊಮ್ಮೆ ಹಾಕಲು ಹೇಳಿತು. ಆಮೇಲೆ ಮತ್ತೊಮ್ಮೆ.

ಗೆದ್ದೆ ಎಂದುಕೊಂಡೆ. ಮಧ್ಯಾಹ್ನ ಸ್ಟುಡಿಯೋಗೆ ಬಂದು, ಮರುದಿನ ಕಾರ್ಕಳದಲ್ಲಿದ್ದ ಮದುವೆಗೆ ಕ್ಯಾಮೆರಾ ಸಮೇತ ಪಾಲುದಾರನನ್ನು ಕಳುಹಿಸಿದೆ. ಅವನು ಅಂದಿನ ಮದರಂಗಿ ಶಾಸ್ತ್ರ ತೆಗೆಯಬೇಕು, ಬೆಳಗಿನ ಧಾರೆಗೆ ನಾನು ಹೋಗಬೇಕು. ಮದುಮಗಳ ತಂದೆ ನನ್ನ ಝೂಮನ್ನು ನಂಬಿಯೇ ಒಪ್ಪಿಸಿದವರು. ನಾಲ್ಕು ಗಂಟೆಗೆ ಆಸ್ಪತ್ರೆಯಿಂದ ಸಿಸ್ಟರ್ ಫೋನು.

"ಒಮ್ಮೆ ಬನ್ನಿ. ಸುಮ್ಮನೆ ಒಮ್ಮೆ ಕಟ್ಟಿ ನೋಡುವ ಅಂದ್ರೆ ನಿಮ್ಮ ಹುಡುಗಿ ಪಟ್ಟಿ ಮುಟ್ಲಿಕ್ಕೆ ಬಿಡುದಿಲ್ಲ."

"ನೋಡಿದ್ದಾಳಲ್ಲ! ಮೂರು ಸಲ ನೋಡಿದ್ದಾಳೆ!"

"ಅದೇ ತೊಂದರೆ. ಆ ಮಾಮನ ಪಟ್ಟಿ ಯಾವಾಗ ಬಿಚ್ಚುದು ಅಂತ ಕೇಳ್ತಾಳೆ. ಬಿಚ್ಚಿ ಆಯ್ತು ಅಂದ್ರೆ ನಂಬುದಿಲ್ಲ. ಮೂರು ಸಲ ನೋಡಿದ್ದೇನೆ, ಒಂದ್ಸಲವೂ ಬಿಚ್ಚಲಿಲ್ಲ ಅಂತಾಳೆ."

ರಿಸೀವರು ಹಿಡಿದುಕೊಂಡೇ ಕುಳಿತೆ. ಮಗುವಿನ ಲೆಕ್ಕದಲ್ಲಿ ನಾನು ಇನ್ನೂ ಆ ಸ್ಟೂಲಿನ ಮೇಲೆ, ಕತ್ತಲೆಯಲ್ಲಿ, ಬೊಂಬೆಯ ಗುಂಡಿ ಹಾಕುತ್ತ ಕುಳಿತಿದ್ದೆ. ಬೆಳಿಗ್ಗೆ ಅದೇ ವಾರ್ಡಿನಲ್ಲಿ ಕ್ಯಾಸೆಟ್ಟು ಹಾಕಿದ ಮನುಷ್ಯನೂ ಆ ಮಾಮನೂ ಒಬ್ಬನೇ ಎಂಬುದು ಅದರ ತಲೆಗೆ ಹೊಳೆದಿರಲಿಲ್ಲ. ಕ್ಯಾಮೆರಾ ಕಾರ್ಕಳದಲ್ಲಿ. ಆಪರೇಷನ್ ಬೆಳಿಗ್ಗೆ ಒಂಬತ್ತಕ್ಕೆ. ಮುಂದೆ ಹಾಕಿದರೆ ಮತ್ತೆ ಹದಿನೈದು ದಿನ, ಅಷ್ಟರಲ್ಲಿ ಪೊರೆ ಊದಿ ಕಣ್ಣಿಗೆ ಅಪಾಯ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು.

"ಸಿಸ್ಟರ್, ನಾಳೆ ಬೆಳಿಗ್ಗೆ ಏಳೂವರೆಗೆ ನನಗೆ ಪಟ್ಟಿ ಕಟ್ಟಿ. ಅವಳೇ ಬಂದು ಬಿಚ್ಚಲಿ."

"ಮದುವೆ?"

"ಎಂಟೂಕಾಲರ ಬಸ್ಸು ಸಿಕ್ಕಿದರೆ ಮುಹೂರ್ತಕ್ಕೆ ತಲಪ್ತೇನೆ." ಸಿಗದಿದ್ದರೆ ಎಂಬ ಪ್ರಶ್ನೆಯನ್ನು ಆಕೆ ಕೇಳಲಿಲ್ಲ. ನಾನು ಆ ರಾತ್ರಿಯಿಡೀ ಕೇಳಿಕೊಂಡೆ.

ಬೆಳಿಗ್ಗೆ ಅದೇ ಅಂಗಿ, ಅದೇ ಸ್ಟೂಲು. ಹೊರಗಿನ ನರ್ಸುಗಳ ಕಿಸಿಕಿಸಿ ನಗು ನನಗೆ ಕೇಳುತ್ತಿತ್ತು. ಪಟ್ಟಿ ಬಿಗಿದ ಮೇಲೆ ಹಳೆಯ ಉಸಿರು ಮತ್ತೆ ಶುರುವಾಯಿತು. ಬಾಗಿಲು ಕಿರ್ರೆಂದಿತು. ಪುಟ್ಟ ಹೆಜ್ಜೆಗಳು ಅರ್ಧ ದಾರಿಗೆ ಬಂದು ನಿಂತವು. ಆಮೇಲೆ ನನ್ನ ಅಂಗೈಗೆ ಎರಡು ಪೆಟ್ಟು, ಸಿಸ್ಟರ್ ತಟ್ಟಿದ್ದಕ್ಕಿಂತ ಜೋರಾಗಿ.

ಮಗುವನ್ನು ತಾಯಿ ಎತ್ತಿಕೊಂಡಿರಬೇಕು, ಬೆರಳು ನನ್ನ ಕಿವಿಯ ಬಳಿ ತುದಿ ಹುಡುಕಿತು. ಒಂದು ಸುತ್ತು. ಎರಡು. ಕಂದು ಬೆಳಕು. ಮೂರನೆಯದು ಬಿಚ್ಚಿ ಇನ್ನೇನು ಕಿಟಕಿ ಕಾಣಬೇಕು ಎನ್ನುವಾಗ ಕೈ ನಿಂತಿತು. ನಂತರ ಪಟ್ಟಿ ಹಿಂದಕ್ಕೆ ಸುತ್ತತೊಡಗಿತು.

"ಮತ್ತೆ ಕಟ್ತಿದ್ದಾಳೆ" ಎಂದರು ತಾಯಿ, ಕ್ಷಮೆ ಕೇಳುವ ಸ್ವರದಲ್ಲಿ.

ಗಂಟೆ ಎಷ್ಟಾಯಿತೆಂದು ನೋಡುವಂತಿಲ್ಲ. ಕೇಳಿದರೆ ಮಾಮನಿಗೆ ಅವಸರವುಂಟು ಎಂದು ಮಗುವಿಗೆ ಗೊತ್ತಾಗುತ್ತದೆ. ಅದು ಸುತ್ತಿತು, ಬಿಚ್ಚಿತು. ಪೂರ್ತಿ ಬಿಚ್ಚಿತು. ನನ್ನ ಕಣ್ಣು ರೆಪ್ಪೆ ಮಿಟುಕಿಸುವುದನ್ನು ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿತು. ನಗಲಿಲ್ಲ. ಮತ್ತೆ ಸುತ್ತಿತು. ಮೂರನೆಯ ಬಾರಿ ಸುತ್ತುವಾಗ ಕೆಳಗಿನ ರಸ್ತೆಯಲ್ಲಿ ಕಾರ್ಕಳದ ಬಸ್ಸಿನ ಹಾರನ್ ಕೇಳಿತು, ಹೋಗಿಯೂಬಿಟ್ಟಿತು. ಕಣ್ಣು ಮುಚ್ಚಿದ್ದುದರಿಂದ ಅದು ಹೋಗುವುದನ್ನು ನೋಡುವ ಕಷ್ಟ ತಪ್ಪಿತು.

ಕೊನೆಯ ಬಾರಿ ಬಿಚ್ಚಿದಾಗ ಡಾಕ್ಟರಮ್ಮ ಹಸಿರು ಟೊಪ್ಪಿ ಹಾಕಿ ಬಾಗಿಲಲ್ಲಿ ನಿಂತಿದ್ದರು. ಮಗು ಸುರುಳಿಯನ್ನು ಅವರ ಕೈಗೆ ಕೊಡಲಿಲ್ಲ. ತಾಯಿಯ ಕೈಗೆ ಕೊಟ್ಟು, ಏನೋ ಹೇಳಿತು.

"ಎದ್ದ ಮೇಲೆ ಉಮ್ಮನೇ ಹತ್ತಿರ ಇರ್ಬೇಕಂತೆ. ಬಿಚ್ಚುದು ಡಾಕ್ಟರ್ ಅಲ್ಲವಂತೆ, ನಾನಂತೆ" ಎಂದರು ತಾಯಿ.

"ಆಗ್ಲಿ" ಎಂದರು ಡಾಕ್ಟರಮ್ಮ. "ನಾನು ಪಕ್ಕದಲ್ಲಿ ನಿಲ್ತೇನೆ. ಮತ್ತೆ, ಕೈ ಕಟ್ಟುದಿಲ್ಲ." ಸಿಸ್ಟರ್ ಬೆಚ್ಚಿ ಅವರ ಮುಖ ನೋಡಿದರು. ಆಸ್ಪತ್ರೆಯಲ್ಲಿ ಅದುವರೆಗೆ ಹಾಗೆ ಬಿಟ್ಟದ್ದಿರಲಿಲ್ಲ.

ಹಿರಿಯಡ್ಕದವರೆಗೆ ಹೆಂಚಿನ ಲಾರಿ, ಅಲ್ಲಿಂದ ಬಾಡಿಗೆ ಕಾರು. ಕಾರ್ಕಳ ಮುಟ್ಟುವಾಗ ಧಾರೆ ಮುಗಿದು ಊಟದ ಎಲೆ ಹಾಕುತ್ತಿದ್ದರು. ಪಾಲುದಾರ ಎಲ್ಲವನ್ನೂ ತೆಗೆದಿದ್ದ. ಮದುಮಗಳ ತಾಯಿ ಅಳುವುದನ್ನು ಝೂಮ್ ಇಲ್ಲದೆ, ದೂರದಿಂದ, ಒಂದೇ ಶಾಟಿನಲ್ಲಿ ತೆಗೆದಿದ್ದ. ಅದು ನನ್ನದಕ್ಕಿಂತ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ಊಟಕ್ಕೆ ಕುಳಿತವನು ಗಡಿಯಾರವನ್ನೇ ನೋಡುತ್ತಿದ್ದೆ. ಈಗ ಎಚ್ಚರವಾಗಿರಬಹುದು, ಈಗ ಕೈ ಎತ್ತಿರಬಹುದು. ಕಟ್ಟದ ಕೈ. ನನ್ನ ಅರ್ಧಂಬರ್ಧ ಕ್ಯಾಸೆಟ್ಟನ್ನು ನಂಬಿ ಡಾಕ್ಟರಮ್ಮ ಕಟ್ಟದೆ ಬಿಟ್ಟ ಕೈ.

ಮರುದಿನ ಹತ್ತು ಗಂಟೆಗೆ ವಾರ್ಡಿನ ಬಾಗಿಲಲ್ಲಿ ನಿಂತೆ. ಸಿಸ್ಟರ್ ಕಂಡು ಹತ್ತಿರ ಬಂದರು.

"ನಿನ್ನೆ ಎದ್ದಾಗ ಒಮ್ಮೆ ಕೈ ಎತ್ತಿದ್ಳು. ಉಮ್ಮ ಅಂಗೈ ತಟ್ಟಿದ್ರು. ಇಳಿಸಿದ್ಳು. ಹೊಲಿಗೆ ಸರಿಯುಂಟು, ಬೆಳಿಗ್ಗೆ ಮೇಡಂ ನೋಡಿದ್ರು."

"ಕೂಗಿದಳಾ?"

"ಸ್ವಲ್ಪ. ನಿಮ್ಮಷ್ಟಿಲ್ಲ."

ಮಂಚದಲ್ಲಿ ಅರ್ಧ ಮುಖವೆಲ್ಲ ಬಿಳಿ ಪಟ್ಟಿಯಾಗಿ ಅದು ಮಲಗಿತ್ತು. ಎರಡೂ ಕೈ ಹೊದಿಕೆಯ ಮೇಲೆ, ಬಿಡುವಾಗಿ. ನಾನು ಬಂದದ್ದನ್ನು ತಾಯಿ ಹೇಳಿದರು. ಮಗು ತಲೆ ಅಲ್ಲಾಡಿಸದೆ ಏನೋ ಕೇಳಿತು.

"ನಿಮ್ಮ ಪಟ್ಟಿ ಬಿಚ್ಚಿಯೇ ಉಂಟಾ, ಮತ್ತೆ ಕಟ್ಟಿದ್ರಾ ಅಂತ ಕೇಳ್ತಾಳೆ."

"ಬಿಚ್ಚಿಯೇ ಉಂಟು ಮಗಾ."

ಕೈ ಮೇಲೆದ್ದಿತು. ತಾಯಿ ತಡೆಯಲು ಹೋದರು. ಡಾಕ್ಟರಮ್ಮ ಯಾವಾಗ ಬಂದು ನನ್ನ ಹಿಂದೆ ನಿಂತಿದ್ದರೋ, ಬೇಡ ಎಂದು ಸನ್ನೆ ಮಾಡಿದರು. ಆ ಕೈ ತನ್ನ ಮುಖದ ಕಡೆ ತಿರುಗಲಿಲ್ಲ. ಗಾಳಿಯಲ್ಲಿ ತಡಕುತ್ತ ನನ್ನ ಕಡೆ ಬಂತು. ನಾನು ಬಗ್ಗಿದೆ. ಐದು ಬೆರಳು ನನ್ನ ಗಲ್ಲ, ಮೂಗು, ಹುಬ್ಬನ್ನೆಲ್ಲ ದಾಟಿ, ಮುಚ್ಚಿದ ರೆಪ್ಪೆಯ ಮೇಲೆ ಒಂದೊಂದಾಗಿ ಕುಳಿತು, ಬಟ್ಟೆ ಇಲ್ಲವೆಂದು ಚೆನ್ನಾಗಿ ನೋಡಿಕೊಂಡವು.